ಎಡ ಜೇಬಿನ ಮೇಲೆ

ಅಂಗಿ ಹಾಸುವ ಮೊದಲು ಜೇಬು ತಡವಬೇಕು,
ಅವ್ವ ಕಲಿಸಿದ್ದು ಅದೊಂದೇ.
ಬಸ್ ಟಿಕೀಟು, ಗುಳಿಗೆ, ಚೀಟಿ ದುಡ್ಡಿನ ರಸೀದಿ,
ಒಮ್ಮೆ ಒಬ್ಬ ವಕೀಲರ ಜೇಬಲ್ಲಿ ಮಗುವಿನ ಹಾಲುಹಲ್ಲು.
ರೈಲ್ವೆ ಗೇಟಿನ ಪಕ್ಕ, ಹೊಂಗೆ ಬುಡಕ್ಕೆ ನನ್ನ ತಳ್ಳುಗಾಡಿ.
ಗೇಟು ಬಿದ್ದಾಗಲೆಲ್ಲ ಅರ್ಧ ದಾವಣಗೆರೆ
ಬೇರೆ ಕೆಲಸವಿಲ್ಲದೆ ನನ್ನ ಇಸ್ತ್ರಿಯನ್ನೇ ನೋಡುತ್ತದೆ.

ಅಂಗಿ ನೋಡಿ ಆಳು ಹೇಳಬಲ್ಲೆ.
ಮೊಣಕೈ ಸವೆದರೆ ಗಲ್ಲೆಯ ಮೇಲೆ ಕೂರುವವರು.
ಎಡ ಜೇಬಿನ ಮೇಲೆ ಎರಡು ಸಣ್ಣ ತೂತು,
ಇರುವೆ ಕಚ್ಚಿದಂಥವು, ಪಕ್ಕಪಕ್ಕ,
ಅದು ಗೃಹರಕ್ಷಕ ದಳದವರದು.

ಆ ತೂತು ಮೊದಲು ಕಂಡದ್ದು ದಾದಾಪೀರನ ಬಿಳಿ ಅಂಗಿಯಲ್ಲಿ.
ಮಂಡಕ್ಕಿ ಭಟ್ಟಿಯ ಆಳು. ಖಾಕಿ ಬೇರೆ ಇತ್ತು,
ಎಲೆಕ್ಷನ್ನಿಗೆ, ಪರೀಕ್ಷೆಗೆ, ಗಣಪತಿ ಬಿಡುವ ದಿನಕ್ಕೆ,
ಅದೂ ಪಟ್ಟಿಯಲ್ಲಿ ಹೆಸರು ಬಂದರೆ.
ಮಿಕ್ಕ ದಿನಕ್ಕೆ ಈ ಬಿಲ್ಲೆ:
ಎಂಟಾಣೆಯಷ್ಟು ಹಿತ್ತಾಳೆ, ನಡುವೆ ನೀಲಿ, ಸುತ್ತ ಅಕ್ಷರ.
“ಸಾದಾ ಬಟ್ಟೇಲಿದ್ರೂ ನೀನು ನಮ್ಮೋನೇ ಅಂದ್ರು ಸಾಹೇಬ್ರು”
ಎಂದು ಅಂಗೈಲಿಟ್ಟು ತೋರಿಸಿದ್ದ,
ಬಿಸಿ ಮಂಡಕ್ಕಿ ಆರಿಸುವ ಹಾಗೆ ಊದಿ.

ಅಲ್ಲಿಂದ ಭಟ್ಟಿಗೂ ಇಸ್ತ್ರಿ ಅಂಗಿ.
ಹೊಟ್ಟಿನ ಹೊಗೆಗೆ ಯಾಕಪ್ಪಾ ಗಂಜಿ, ಅಂದೆ.
“ಹೋಗೋ ದಾರಿಗೆ ಅಕ್ಕಾ.”
ದಾರಿಯೆಂದರೆ ಮುಕ್ಕಾಲು ಮೈಲಿ,
ಅದರಲ್ಲೇ ಮಾವನ ಸೈಕಲ್ ಶಾಪು, ಪೊಲೀಸ್ ಚೌಕಿ.
ಚೌಕಿಯವರು ಮೊದಲು “ಏಯ್” ಅನ್ನುತ್ತಿದ್ದರಂತೆ,
ಈಗ “ಏನೋ ಪೀರ”.
ಅಷ್ಟಕ್ಕೆ ವಾರಕ್ಕೆ ಮೂರು ಅಂಗಿ.

ಊರು ಬಾಗಿಲು ಹಾಕಿಕೊಂಡ ಒಂದು ವಾರವಿತ್ತು.
ಯಾರು ಮೊದಲು ಕಲ್ಲೆಸೆದರೋ ಎರಡೂ ಕಡೆಯವರಿಗೆ ಗೊತ್ತು,
ಬೇರೆ ಬೇರೆ ಗೊತ್ತು.
ಅವನು ಬಂದಾಗ ಎದೆ ಬೋಳಾಗಿತ್ತು.
“ನಮ್ಮ ಓಣೀಲಿ ಇದು ಹಚ್ಕಂಡ್ರೆ ಅವರ ಕಡೆಯೋನು ಅಂತಾರೆ,
ಆ ಓಣೀಲಿ ಹೆಸರು ಕೇಳಿದ್ಮೇಲೆ ಇದನ್ನ ಯಾರೂ ನೋಡಲ್ಲ.”
ನಾನು ಬಿಚ್ಚಿ ಮನೇಲಿಟ್ಟಿದ್ದಾನೆ ಅಂದುಕೊಂಡೆ.
ಅವನು ಚುಚ್ಚಿಕೊಂಡದ್ದು ಒಳಮಗ್ಗುಲಿಗೆ, ಮೈಗೆ ತಾಗುವಂತೆ.

ಐದಕ್ಕೆ ಎಲ್ಲ ಮುಚ್ಚಿ ಎಂದು ಮೈಕಿನವರು ಕೂಗುತ್ತಿದ್ದರು.
ಜೇಬು ತಡವಿದೆ. ಒಳಗೆ ತಡವಲಿಲ್ಲ.
ಇಸ್ತ್ರಿ ಏನನ್ನೋ ಹತ್ತಿ ಇಳಿಯಿತು.
ಸುಕ್ಕೆಂದು ಇನ್ನೊಮ್ಮೆ ಒತ್ತಿ ಎಳೆದೆ.
ವಾಸನೆ ಬಂದ ಮೇಲೆ ಎತ್ತಿ ನೋಡಿದರೆ
ನೀಲಿ ಕರಗಿ ಕಂಬಳಿಗೆ ಇಳಿದಿತ್ತು,
ಸುತ್ತ ಕಂದು ಬಳೆ,
ಅಕ್ಷರಗಳು ಕನ್ನಡಿಯೊಳಗಿನವು.

ಬಯ್ಯಲಿಲ್ಲ. ಬಯ್ದಿದ್ದರೆ ಇಷ್ಟು ಹೊತ್ತಿಗೆ ಮರೆಯುತ್ತಿದ್ದೆ.
“ಕೆಂಡದ ಕೆಲಸ, ನಂಗೊತ್ತಿಲ್ವಾ ಅಕ್ಕಾ”
ಎಂದು ಮುಂಗೈಯ ಸುಟ್ಟ ಕಲೆಗಳನ್ನು ತೋರಿಸಿ,
ಆ ಅಂಗಿಯ ದುಡ್ಡೂ ಎಣಿಸಿ ಕೊಟ್ಟ.

ಆಮೇಲೆ ಡ್ಯೂಟಿ ಕಡಿಮೆ ಮಾಡಿದರು, ಮೇಲಿಂದ ದುಡ್ಡಿಲ್ಲವಂತೆ.
ಬೂಟು, ಬೆಲ್ಟು, ಟೋಪಿ, ಲಾಠಿ, ಸೀಟಿ,
ಪಟ್ಟಿ ಓದಿ ಒಂದೊಂದೇ ವಾಪಸು ಕೇಳಿ
ಕಡೆಗೆ ಬಿಲ್ಲೆ.
‘ಹಾಳಾಗಿದೆ’ ಅಂತ ಬರೆದು ಗುಮಾಸ್ತ ನಲವತ್ತು ರೂಪಾಯಿ ಹಿಡಿದ.
ನಾನು ಕೊಡಹೋದೆ. ತಗೊಳ್ಳಲಿಲ್ಲ.
ಮಾರನೇ ದಿನ ಒಂದು ಸೇರು ಮಂಡಕ್ಕಿ ಗಾಡಿಯ ಮೇಲಿಟ್ಟು ಹೋದ.
ಇದು ಎಂಥ ಲೆಕ್ಕವೋ, ನನಗಿನ್ನೂ ಬಿಡಿಸಲಾಗಿಲ್ಲ.

ಕಂಬಳಿ ಬಿಸಾಕು ಅನ್ನುತ್ತಾಳೆ ಮಗಳು.
ತಿರುವಿ ಹಾಸಿದೆ, ಆ ಮಗ್ಗುಲಿಗೂ ಇಳಿದಿದೆ.
ವಕೀಲರದೋ, ಚೌಕಿಯ ದಫೇದಾರರ ಮಫ್ತಿ ಅಂಗಿಯೋ,
ನಾಳೆ ಹೆಣ್ಣು ನೋಡಹೊರಟ ಹುಡುಗನದೋ,
ಯಾರದು ಹಾಸಿದರೂ ಎಡ ಜೇಬು ಅಲ್ಲಿಗೇ ಬರುತ್ತದೆ.
ಅಲ್ಲಿ ಕೈ ತಾನಾಗಿ ಹಗುರಾಗುತ್ತದೆ.

ಮೊನ್ನೆ ಗೇಟು ಬಿದ್ದಾಗ ಕಂಡ,
ಸೈಕಲ್ಲಿನ ಹಿಂದೆ ಮಂಡಕ್ಕಿ ಚೀಲ, ಮುದುರಿದ ಅಂಗಿ.
ಹಿಂದಿನಿಂದ ಯಾರೋ “ಏಯ್” ಅಂದರು.
ಯಾರಿಗೆ ಅಂದದ್ದೋ, ಐದಾರು ಜನ ತಿರುಗಿದರು.
ಅವನು ತಿರುಗಲಿಲ್ಲ. ರೈಲು ಹೋಗುವವರೆಗೂ
ಎದುರಿಗೇ ನೋಡುತ್ತ ನಿಂತಿದ್ದ.